ಬಿಳಿ ಗಾಡಿಯ ಕೆಂಪು ಚರಿತ್ರೆ

ಸಂಶಯಪ್ಪನವರ ಕಣ್ಣಿಗೆ ಮಣ್ಣೆರಚುವ ಗಾಡಿ ಈ ಭೂಮಂಡಲದಲ್ಲಿ ಇನ್ನೂ ತಯಾರಾಗಿಲ್ಲ! ಹಾಗಂತ ಅವರೇ ಆ ಭಾನುವಾರ ಬೆಳಿಗ್ಗೆ ಕಾಫಿ ಕುಡಿಯುತ್ತ ಘೋಷಿಸಿದರು. ಸೆಕೆಂಡ್ ಹ್ಯಾಂಡ್ ಡೀಸೆಲ್ ಗಾಡಿ ಕೊಳ್ಳುವುದೆಂದರೆ ಹುಡುಗಾಟವಲ್ಲ, ಅದರ ಹಿಂದು ಮುಂದು, ಕುಲ ಗೋತ್ರ ಎಲ್ಲವನ್ನೂ ಜಾಲಾಡಬೇಕು, ಜಾಲಾಡಲು ತಮ್ಮಂಥವರೇ ಬೇಕು ಎಂದರು. ಹೆಂಡತಿ ಲೋಟ ಎತ್ತಿಕೊಂಡು ಒಳಗೆ ಹೋದಳು.

ಸಂಶಯಪ್ಪ ಅನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಆಫೀಸಿನವರು ಇಟ್ಟದ್ದು. ವಿಮಾ ಕಂಪನಿಯೊಂದರಲ್ಲಿ ಜನರ ಕ್ಲೇಮುಗಳನ್ನು ಪರಿಶೀಲಿಸುವುದು ಅವರ ಕೆಲಸ. ಅಂಗಡಿ ಸುಟ್ಟುಹೋಯಿತು ಅಂತ ಅಳುತ್ತ ಬಂದವರನ್ನು, ಈ ಬೂದಿ ನಿಮ್ಮ ಅಂಗಡಿಯದೇ ಅನ್ನುವುದಕ್ಕೆ ಏನು ಸಾಕ್ಷಿ ಎಂದು ಕೇಳಿದ ಮಹಾನುಭಾವರು! ಎರಡು ಕಾಗದದಲ್ಲಿ ಎರಡು ಮಾತು ಕಂಡರೆ ಅಲ್ಲಿ ಮೋಸ ಇದ್ದೇ ಇದೆ ಅನ್ನುವುದು ಅವರ ವೇದವಾಕ್ಯ. ಲೋಕದಲ್ಲಿ ತಪ್ಪು ಅನ್ನುವುದೇ ಇಲ್ಲ, ಇರುವುದೆಲ್ಲ ಮೋಸ. ಹಾಲು ಉಕ್ಕಿತು ಅಂತ ಹೆಂಡತಿ ಅಡುಗೆಮನೆಯಿಂದ ಕೂಗಿದರೂ, ಹೋಗಿ ಒಲೆ ನೋಡಿಯೇ ನಂಬುತ್ತಿದ್ದರು.

ದೊಡ್ಡ ಗಾಡಿ ಬೇಕಾಗಿದ್ದದ್ದು ಅವರಿಗಲ್ಲ, ಹೆಂಡತಿಗೆ. ಅವಳದೊಂದು ಗಿಡಗಳ ನರ್ಸರಿ. ಹೊಸದಾಗಿ ಎದ್ದ ಒಂದು ಆಫೀಸು, ನಾಲ್ಕೂ ಮಹಡಿಗೆ ಕುಂಡದ ಗಿಡ ಬೇಕು, ಬುಧವಾರದೊಳಗೆ ತಂದಿಡಿ ಎಂದಿತ್ತು. ಅಷ್ಟು ದೊಡ್ಡ ಆರ್ಡರು ಅವಳಿಗೆ ಹಿಂದೆಂದೂ ಬಂದಿರಲಿಲ್ಲ. ಮನೆಯ ಪುಟ್ಟ ಕೆಂಪು ಕಾರು ಮಣ್ಣು, ಗೊಬ್ಬರ, ಕುಂಡ ಹೊತ್ತೂ ಹೊತ್ತೂ ಸೊಂಟ ಬಿದ್ದುಹೋಗಿತ್ತು. ಬುಧವಾರದೊಳಗೆ ದೊಡ್ಡ ಗಾಡಿ ಸಿಗದಿದ್ದರೆ ಆರ್ಡರು ಪಕ್ಕದ ರಸ್ತೆಯ ನರ್ಸರಿಯವನ ಪಾಲು.

ಪುಣ್ಯಕ್ಕೆ ಬೇಕರಿ ಯಜಮಾನರು ಸಿಕ್ಕಿದರು. ಅವರ ಹತ್ತಿರ ಏಳು ಸೀಟಿನ ಬಿಳಿ ಎಸ್‌ಯುವಿ ಇತ್ತು. ಆದರೆ ಮೊಣಕಾಲು ನೋವು, ಅಷ್ಟೆತ್ತರ ಹತ್ತಿ ಇಳಿಯುವುದು ಅವರಿಂದ ಆಗುತ್ತಿರಲಿಲ್ಲ. ಕೆಂಪು ಕಾರು ಕೊಟ್ಟು ಮೇಲೊಂದಿಷ್ಟು ಹಣ ಕೊಟ್ಟರೆ ಬಿಳಿ ಗಾಡಿ ನಿಮ್ಮದು ಅಂತ ಹೆಂಡತಿಯ ಹತ್ತಿರ ಮಾತಾಗಿತ್ತು. ಉಳಿದದ್ದು ಕಣ್ಣಿಂದ ನೋಡಿ ಹೂಂ ಅನ್ನುವುದು ಮಾತ್ರ.

"ರೀ, ನೀವು ಬಂದು ಸುಮ್ಮನೆ ನಿಂತ್ಕೊಳ್ಳಿ, ಅಷ್ಟು ಸಾಕು," ಎಂದಳು ಹೆಂಡತಿ ದಾರಿಯಲ್ಲಿ. ಸಂಶಯಪ್ಪನವರಿಂದ ಆಗದ ಕೆಲಸ ಅದೊಂದೇ.

ಬೇಕರಿಯ ಹಿಂದಿನ ಓಣಿಯಲ್ಲಿ ತೊಳೆದ ತಟ್ಟೆಗಳನ್ನು ಗೋಡೆಗೆ ಒರಗಿಸಿ ಒಣಗಲು ಇಟ್ಟಿದ್ದರು. ಬಿಸಿ ಬ್ರೆಡ್ಡಿನ ವಾಸನೆ ಘಮ್ಮೆನ್ನುತ್ತಿತ್ತು. ಹೆಂಡತಿ ಕೆಂಪು ಕಾರನ್ನು ಬಿಳಿ ಗಾಡಿಯ ಪಕ್ಕದಲ್ಲೇ ನಿಲ್ಲಿಸಿದಳು. ಯಜಮಾನರು ನಮಸ್ಕಾರ ಮಾಡಿದರು. ಸಂಶಯಪ್ಪನವರು ಅದಕ್ಕೆ ಉತ್ತರ ಕೊಡದೆ ನೇರವಾಗಿ ಟೈರಿಗೆ ಒದ್ದರು. ಬಾನೆಟ್ಟಿಗೆ ಕಿವಿಯಿಟ್ಟು ಕೇಳಿದರು. ಹೊಗೆ ಬರುವ ಕೊಳವೆಗೆ ಮೂಗು ತೂರಿಸಿ ಮೂಸಿದರು, ಎದ್ದಾಗ ಮೂಗಿನ ತುದಿ ಮಸಿಯಾಗಿತ್ತು. ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. ಹೆಂಡತಿ ಮಾತ್ರ ಹಿಂದಿನ ಬಾಗಿಲು ತೆಗೆದು, ಒಳಗೆ ಎಷ್ಟು ಕುಂಡ ಹಿಡಿಯಬಹುದು ಅಂತ ಗೇಣು ಹಾಕಿ ಅಳೆಯುತ್ತ ಮೈಮರೆತಿದ್ದಳು.

ಆಮೇಲೆ ಸಂಶಯಪ್ಪನವರು ತಮ್ಮ ಬ್ರಹ್ಮಾಸ್ತ್ರ ಹೊರತೆಗೆದರು. ಅದು ಫೋನು. ಸಾರಿಗೆ ಇಲಾಖೆಯ ಪುಟದಲ್ಲಿ ಗಾಡಿಯ ನಂಬರ್ ಹಾಕಿದರೆ ಸಾಕು, ಹುಟ್ಟಿದಂದಿನಿಂದ ಅದು ಕಂಡ ತಪಾಸಣೆಗಳೆಲ್ಲ ಸಾಲಾಗಿ ಬಂದು ನಿಲ್ಲುತ್ತವೆ. ಅವರು ಮೊದಲೆರಡು ಅಕ್ಷರ ಒತ್ತಿದರು. ಈಗ ನಡೆದದ್ದು ಅವರಿಗೆ ಗೊತ್ತಾಗಲಿಲ್ಲ, ನಮಗೆ ಗೊತ್ತಿರಲಿ. ಹೋದ ತಿಂಗಳು ಅವರು ಅದೇ ಫೋನಿನಲ್ಲಿ ಸ್ವಂತ ಕೆಂಪು ಕಾರಿನ ತಪಾಸಣೆಯ ತಾರೀಖು ಹುಡುಕಿದ್ದರು. ಊರೊಂದೇ ಆದ್ದರಿಂದ ಎರಡೂ ಗಾಡಿಗೆ ಮೊದಲಕ್ಷರಗಳು ಒಂದೇ. ಫೋನು ಬಹಳ ವಿನಯದಿಂದ ಕೆಂಪು ಕಾರಿನ ನಂಬರನ್ನೇ ಪೂರ್ತಿ ತುಂಬಿಕೊಟ್ಟಿತು. ಲೋಕವನ್ನೆಲ್ಲ ಅನುಮಾನಿಸುವ ಸಂಶಯಪ್ಪನವರು ತಮ್ಮ ಹೆಬ್ಬೆರಳನ್ನು ಮಾತ್ರ ಅನುಮಾನಿಸಲಿಲ್ಲ.

"ಬಣ್ಣ, ಕೆಂಪು," ಎಂದು ಓದಿದರು. ಬಿಳಿ ಗಾಡಿ ನೋಡಿದರು. ಯಜಮಾನರನ್ನು ನೋಡಿದರು. ಆಫೀಸಿನಲ್ಲಿ ಜನ ಬೆವರುವಂತೆ ಮಾಡುವ ಒಂದು ನಗೆ ಅವರಿಗಿತ್ತು, ಅದನ್ನು ನಕ್ಕರು. ಬಣ್ಣ ಯಾವಾಗ ಹೊಡೆಸಿದಿರಿ ಎಂದು ಕೇಳಿದರು. ಕಂಪನಿಯಿಂದ ಬಂದದ್ದೇ ಹೀಗೆ ಸ್ವಾಮಿ ಎಂದರು ಯಜಮಾನರು, ಗಾಬರಿಯಿಂದ ತಮ್ಮ ಗಾಡಿಯನ್ನೇ ಒಮ್ಮೆ ತಿರುಗಿ ನೋಡುತ್ತ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂದುಕೊಂಡರು ಸಂಶಯಪ್ಪನವರು. ಒಳಗಿನ ಕೆಂಪು ಕಾಣಲಿ ಅಂತ ಬಾಗಿಲನ್ನು ಉಗುರಿನಿಂದ ಕೆರೆದರು. ಕಾಣಿಸಿದ್ದು ಇನ್ನಷ್ಟು ಬಿಳಿ.

ಮುಂದಿನ ಸಾಲು ಐದು ಸೀಟು ಎಂದಿತು. ಇಲ್ಲಿ ಏಳಿವೆ! ಹೆಚ್ಚಿನ ಎರಡು ಸೀಟು ಯಾರ ಗಾಡಿಯಿಂದ ಬಂದವು? ಅದರ ಮುಂದಿನ ಸಾಲು ಇಂಧನ ಪೆಟ್ರೋಲ್ ಎಂದಿತು. ಬೇರೆ ಯಾರೇ ಆಗಿದ್ದರೂ ಇಷ್ಟು ಹೊತ್ತಿಗೆ ಫೋನನ್ನು ಅನುಮಾನಿಸುತ್ತಿದ್ದರು. ಸಂಶಯಪ್ಪನವರಿಗೆ ಒಂದೊಂದು ವ್ಯತ್ಯಾಸಕ್ಕೂ ಒಂದೊಂದು ಆನೆಯ ಬಲ ಬಂತು. ಯಜಮಾನರು ಪಾಪ, ಟ್ಯಾಂಕಿನ ಮುಚ್ಚಳ ತೆಗೆದು, ನೀವೇ ಮೂಸಿ ನೋಡಿ, ಡೀಸೆಲ್ ಅಲ್ಲವೇ ಎಂದರು.

ಸಂಶಯಪ್ಪನವರು ಮೂಸಿದರು. "ವಾಸನೆಯನ್ನೂ ಬದಲಾಯಿಸಿದ್ದೀರಿ," ಎಂದರು.

ಗದ್ದಲ ಕೇಳಿ ಒಲೆಯ ಮುಂದಿನ ಕೆಲಸಗಾರರು ಹಿಟ್ಟಿನ ಕೈಯಲ್ಲೇ ಓಣಿಗೆ ಬಂದರು. ಬ್ರೆಡ್ಡು ಕೊಳ್ಳಲು ಬಂದವರೂ ಬಂದರು. ಸಭೆ ಸೇರಿದ್ದು ಕಂಡು ಸಂಶಯಪ್ಪನವರ ದನಿ ಏರಿತು. ಹಿಂದಿನ ಸಸ್ಪೆನ್ಷನ್ ಮಿತಿಮೀರಿದ ಭಾರದಿಂದ ಕುಸಿದಿದೆಯಂತೆ. ಡಿಕ್ಕಿಯ ತಳ ತುಕ್ಕು ಹಿಡಿದಿದೆಯಂತೆ. ಹಿಂದಿನ ಸೀಟಿನ ಕೆಳಗೆ ಗಿಡವೊಂದು ಮೊಳೆತು ಎಲೆ ಬಿಟ್ಟಿದೆಯಂತೆ!

ಗೇಣು ಹಾಕುತ್ತಿದ್ದ ಹೆಂಡತಿಯ ಕೈ ಅಲ್ಲೇ ನಿಂತಿತು. ಆ ಗಿಡ ಅವಳಿಗೆ ಚೆನ್ನಾಗಿ ಗೊತ್ತು. ತಪಾಸಣೆ ಮುಗಿಸಿ ಬಂದ ಮೇಲೆ ಅದನ್ನು ಕಿತ್ತು ಕುಂಡಕ್ಕೆ ಹಾಕಿ ಒಳ್ಳೆಯ ಬೆಲೆಗೆ ಮಾರಿದವಳೂ ಅವಳೇ. ಓಡಿಬಂದು ಕೆಮ್ಮಿದಳು. ಗಂಡ ಅದನ್ನು ಭೇಷ್ ಅಂತ ತಿಳಿದರು. ಮೊಣಕೈ ಚಿವುಟಿದಳು. ಇನ್ನೂ ಜೋರಾಗಿ ಅನ್ನುತ್ತಿದ್ದಾಳೆ ಅಂತ ತಿಳಿದು ಇನ್ನೂ ಜೋರಾಗಿ ಓದಿದರು. ಕಾಲು ತುಳಿದಳು. ಜಾಗ ಸಾಲದೇನೋ ಅಂತ ಕಾಲು ಸರಿಸಿಕೊಂಡರು.

"ಇಂಥ ಗಾಡಿ ಪುಕ್ಕಟೆ ಕೊಟ್ರೂ ತಗೋಬಾರದು," ಎಂದು ಸಭೆಗೆ ಉಪದೇಶ ಮಾಡಿದರು. "ತಗೊಂಡವನು ಪೆದ್ದ, ಕೊಟ್ಟವನು ಕಳ್ಳ."

ಯಜಮಾನರು ತಲೆ ತಗ್ಗಿಸಿ ನಿಂತಿದ್ದರು. ತಮ್ಮ ಗಾಡಿಯ ಬಗ್ಗೆ ತಮಗೇ ಇಷ್ಟು ವಿಷಯ ಗೊತ್ತಿರಲಿಲ್ಲವಲ್ಲ ಅನ್ನುವ ನಾಚಿಕೆ ಅವರದು.

ಕೊನೆಯ ಸಾಲಿಗೆ ಬಂದಾಗ ಸಂಶಯಪ್ಪನವರು ನಗು ತಡೆಯಲಾರದೆ ಹೊಟ್ಟೆ ಹಿಡಿದುಕೊಂಡರು. ಓಡಿಸುವವರ ಪಕ್ಕದ ಸೀಟಿನ ಮುಂದೆ, ಕಾಲಿಡುವ ಜಾಗದಲ್ಲಿ ತಗಡು ಸವೆದು ತೂತಾಗಿದೆ, ಕಾರಣ ತಿಳಿದಿಲ್ಲ ಎಂದು ಬರೆದಿತ್ತು.

"ಅಲ್ಲಿ ಬ್ರೇಕೇ ಇಲ್ಲ, ಸವೆಯೋದು ಹೇಗೆ? ಅಲ್ಲಿ ಕೂತಿದ್ದ ಪ್ರಾಣಿ ಯಾವುದು ಅಂತ ನಾನೊಮ್ಮೆ ನೋಡಬೇಕು."

"ನಾನು ದಿನಾ ನೋಡ್ತೀನಿ," ಎಂದಳು ಹೆಂಡತಿ. "ನಾನು ಗಾಡಿ ಓಡಿಸುವಾಗೆಲ್ಲ ಪಕ್ಕದಲ್ಲಿ ಕೂತು ಇಲ್ಲದ ಬ್ರೇಕ್ ತುಳಿಯುತ್ತೆ. ರೀ, ಮೇಲಿರೋ ನಂಬರ್ ಓದಿ."

ಸಂಶಯಪ್ಪನವರು ನಂಬರ್ ಓದಿದರು. ಬಿಳಿ ಗಾಡಿಯ ಫಲಕ ನೋಡಿದರು, ಕೆಂಪು ಕಾರಿನ ಫಲಕ ನೋಡಿದರು, ಇನ್ನೊಮ್ಮೆ ಫೋನು ನೋಡಿದರು. ಇಂಗು ತಿಂದ ಮಂಗನಂತಾಯಿತು ಮುಖ. ಆದರೂ ವೃತ್ತಿ ಬಿಡುತ್ತದೆಯೇ? ನಮ್ಮ ನಂಬರ್ ಇದರೊಳಗೆ ಹೇಗೆ ಬಂತು, ಇದರಲ್ಲೇನೋ ಮೋಸ ಇದೆ ಎಂದು ಕ್ಷೀಣ ದನಿಯಲ್ಲಿ ಹೇಳಿ ನೋಡಿದರು. ಸಭೆಯಿಂದ ಬೆಂಬಲ ಬರಲಿಲ್ಲ.

ಯಜಮಾನರು ನಿಧಾನವಾಗಿ ಕೆಂಪು ಕಾರಿನ ಬಾಗಿಲು ತೆಗೆದು, ಕಾಲಡಿಯ ಚಾಪೆ ಎತ್ತಿದರು. ತೂತಿನಲ್ಲಿ ಓಣಿಯ ಕಲ್ಲು ಕಾಣಿಸಿತು.

"ಪುಕ್ಕಟೆ ಕೊಟ್ರೂ ತಗೋಬಾರದು ಅಂತ ತಿಳಿದವರೊಬ್ಬರು ಈಗ ತಾನೇ ಹೇಳಿದ್ರು," ಎಂದರು.

ಹೆಂಡತಿಗೆ ಅಳುವೇ ಬಂತು. ನಾಲ್ಕು ಮಹಡಿಯ ಗಿಡಗಳು ಕಣ್ಣೆದುರೇ ಪಕ್ಕದ ರಸ್ತೆಗೆ ನಡೆದುಹೋಗುತ್ತಿದ್ದವು. ಅವಳ ಕಣ್ಣು ತುಂಬಿದ್ದು ಕಂಡು ಸಂಶಯಪ್ಪನವರು ಫೋನನ್ನು ಜೇಬಿಗೆ ಹಾಕಿದರು. ಹುಟ್ಟಿದಾಗಿನಿಂದ ಬಾಯಿಗೆ ಬಾರದಿದ್ದ ಒಂದು ಮಾತು ಬಾಯಿಗೆ ಬಂತು.

"ಯಜಮಾನ್ರೇ, ಇದರಲ್ಲಿ ಮೋಸ ಇಲ್ಲ. ತಪ್ಪು, ನಂದೇ. ಹೊಟ್ಟೆಗೆ ಹಾಕ್ಕೊಳ್ಳಿ. ನನ್ನ ಮೇಲಿನ ಸಿಟ್ಟು ಇವಳ ಮೇಲೆ ತೀರಿಸಬೇಡಿ."

ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು ಮುಂದೆ ಬಂದಳು. ಇವರು ಓದಿದ್ದೆಲ್ಲ ನಿಜ, ಓದದೆ ಬಿಟ್ಟದ್ದೂ ಇದೆ ಎಂದಳು. ಸ್ಟೀರಿಂಗ್ ಎಡಕ್ಕೆ ತಿರುಗಿಸಿದರೆ ಮಾತ್ರ ಹಾರ್ನ್ ಕೂಗುತ್ತದೆ, ಒಂದು ಕಿಟಕಿಯ ಗಾಜನ್ನು ಕೈಯಲ್ಲೇ ಎತ್ತಬೇಕು. ಆದರೆ ಇಂಜಿನ್ ಚಿನ್ನ, ಒಂದು ದಿನವೂ ದಾರಿಯಲ್ಲಿ ಕೈಕೊಟ್ಟಿಲ್ಲ. ಮಾತು ಬೇಡ, ಒಮ್ಮೆ ಕೂತು ನೋಡಿ ಎಂದಳು.

ಯಜಮಾನರು ಮನಸ್ಸಿಲ್ಲದ ಮನಸ್ಸಿನಿಂದ ಕೂತರು. ಮೊಣಕಾಲು ತಕರಾರು ಮಾಡಲಿಲ್ಲ. ಇಳಿದರು, ಮತ್ತೆ ಕೂತರು. ಅಯ್ಯೋ ಅನ್ನದೆ ಗಾಡಿ ಹತ್ತಿ ಅವರಿಗೆ ಎಷ್ಟು ಕಾಲವಾಗಿತ್ತೋ! ಓಣಿಯ ತುದಿಯವರೆಗೆ ಓಡಿಸಿಕೊಂಡು ಹೋಗಿ, ಎಡಕ್ಕೆ ತಿರುಗಿಸಿ ಹಾರ್ನ್ ಕೂಗಿಸಿ, ಮಗುವಿನ ಹಾಗೆ ನಗುತ್ತ ಬಂದರು. ತೂತು ಮುಚ್ಚಿಸಿ, ಸಸ್ಪೆನ್ಷನ್ ಸರಿಮಾಡಿಸಿ ಕೊಡಿ, ಮಾತು ಮಾತೇ ಎಂದರು. ಅಷ್ಟರಲ್ಲಿ ಹೆಂಡತಿ ತನ್ನ ಫೋನಿನಲ್ಲಿ ಬಿಳಿ ಗಾಡಿಯ ನಂಬರನ್ನು ಒಂದೊಂದೇ ಅಕ್ಷರ ಒತ್ತಿ ಹಾಕಿ ನೋಡಿದ್ದಳು. ಪ್ರತಿ ವರ್ಷವೂ ಪಾಸು, ಒಂದು ಕಪ್ಪು ಚುಕ್ಕೆಯೂ ಇರಲಿಲ್ಲ.

ಸಂಶಯಪ್ಪನವರು ಕೀಲಿಗೆಂದು ಕೈ ಚಾಚಿದರು. ಯಜಮಾನರು ಆ ಕೈಯನ್ನು ದಾಟಿಸಿ ಹೆಂಡತಿಯ ಕೈಗೆ ಕೀಲಿ ಕೊಟ್ಟರು. ಕೊಡುತ್ತ, ಒಂದು ಮಾತು ಕೇಳಲಾ ಎಂದರು.

"ಮದುವೆಗೆ ಮುಂಚೆ ಇವರ ಹಿಸ್ಟರಿ ನೋಡಿರಲಿಲ್ವಾ ಅಮ್ಮ?"

"ನೋಡಿದ್ದೆ," ಎಂದಳು ಹೆಂಡತಿ ಗಾಡಿ ಹತ್ತುತ್ತ. "ಬೇರೆ ಯಾರದೋ ನಂಬರ್ ಹಾಕಿದ್ದೆ ಅಂತ ಕಾಣುತ್ತೆ."