ಹನ್ನೊಂದು ಮೂಗಿಗೆ ಪೂಜೆ

ಆಯುಧಪೂಜೆಯ ದಿನ ದೇವರಾಜು ಬಾಯಿ ಮುಚ್ಚಿಕೊಂಡಿದ್ದರೆ ಈ ಕತೆಯೇ ಹುಟ್ಟುತ್ತಿರಲಿಲ್ಲ. ಪಾಂಡವಪುರದ ಹೊರವಲಯದಲ್ಲಿ, ಕಬ್ಬಿನ ಕಸದಿಂದ ಗ್ಯಾಸು ತಯಾರಿಸುವ, ಅವನು ಕೆಲಸ ಮಾಡುವ ಕಾರ್ಖಾನೆಯಲ್ಲಿ ಅಂದು ಲಾರಿ, ಪಂಪು, ಕೊನೆಗೆ ಮ್ಯಾನೇಜರ್ ಕುಮಾರ್ ಅವರ ಕಾರಿಗೂ ಬೂದುಗುಂಬಳ ಒಡೆದರು. ಗ್ಯಾಸು ಸೋರಿದರೆ ಮೂಸಿ ಸೈರನ್ ಕೂಗಿಸುವ ಹನ್ನೊಂದು ಸೆನ್ಸರುಗಳತ್ತ ಮಾತ್ರ ಯಾರೂ ತಿರುಗಿ ನೋಡಲಿಲ್ಲ. ಅವುಗಳ ಯೋಗಕ್ಷೇಮ ದೇವರಾಜುವಿನದು.

"ಜನದ ಜೀವ ಕಾಯೋ ಮೂಗು ಇವು. ಒಂದು ಊವ ಮಡಗೋರೂ ಗತಿಯಿಲ್ಲ," ಎಂದು ಕಸ ಗುಡಿಸುವ ಪ್ರೇಮಮ್ಮನ ಮುಂದೆ ಗೊಣಗಿ ಅವನು ಮನೆಗೆ ಹೋದ.

ಮೂರನೇ ದಿನ ಬೆಳಿಗ್ಗೆ ಏಳಕ್ಕೇ ಓಡಿಬಂದ. ನಾಗಮಂಗಲದ ಹತ್ತಿರ ಅವತ್ತು ಭಾವಮೈದನ ಮದುವೆಯ ಬೀಗರ ಊಟ, ಅಂದರೆ ಮಾಂಸದೂಟ. ಹೆಂಡತಿ ಯಶೋಧ ಆಗಲೇ ತವರು ಸೇರಿದ್ದಳು. ಅಳಿಯ ಗೃಹಪ್ರವೇಶಕ್ಕೂ ಬರಲಿಲ್ಲ, ಧಾರೆಗೂ ಬರಲಿಲ್ಲ ಎಂದು ಮಾವ ಮಾಯಣ್ಣ ಕುದಿಯುತ್ತಿದ್ದರು. ಇದನ್ನೂ ತಪ್ಪಿಸಿದರೆ ಇನ್ನು ಹೊಸ್ತಿಲು ತುಳಿಯುವುದು ಬೇಡ ಎಂದು ಹೇಳಿ ಕಳಿಸಿದ್ದರು. ಅದೂ ಅಲ್ಲದೆ ದೇವರಾಜುವಿಗೆ ಮುದ್ದೆ, ಬಾಡಿನ ಸಾರು ಎಂದರೆ ಪ್ರಾಣ. ಸೆನ್ಸರುಗಳ ತಿಂಗಳ ಪರೀಕ್ಷೆ ಮುಗಿಸಿ ಹೊರಡು ಎಂದು ಕುಮಾರ್ ಒಪ್ಪಿದ್ದರು.

ಮೊದಲ ಸೆನ್ಸರಿಗೆ ಬಟ್ಟಲು ಸಿಕ್ಕಿಸಿ, ಪುಟ್ಟ ಸಿಲಿಂಡರಿನಿಂದ ಪರೀಕ್ಷೆಯ ಗ್ಯಾಸು ಬಿಟ್ಟ. ಅಂಕಿ ಐವತ್ತಕ್ಕೆ ಏರಬೇಕು. ಅದು ಸೊನ್ನೆಯಲ್ಲೇ ಕೂತಿತ್ತು. ಎರಡನೆಯದೂ ಸೊನ್ನೆ. ಮೂರನೆಯದರ ಮುಚ್ಚಳ ಬಿಚ್ಚಿದರೆ ಒಳಗೆಲ್ಲ ಗಂಧ, ಕುಂಕುಮ.

ಗೇಟು ಕಾಯುವ ಜವರಯ್ಯ ಇಣುಕಿದ. "ನೆಗಡಿ ಆಗೈತೆ ಕಣ್ಲಾ ಅವಕ್ಕೆ. ಒಸಿ ನೀಲಗಿರಿ ಎಣ್ಣೆ ಸವರು."

ದೇವರಾಜು ಹಳೇ ಬ್ರಷ್ಷು ಹಿಡಿದು ಕುಂಕುಮವನ್ನೆಲ್ಲ ಉಜ್ಜಿ ತೆಗೆದ. ಒಂಬತ್ತು ಗಂಟೆಯಾದರೂ ಹನ್ನೊಂದೂ ಸೊನ್ನೆಯೇ. ಆದರೆ ಒಂದೊಂದೂ ಮದುವೆ ಗಂಡಿನ ಬೂಟಿನಂತೆ ಫಳಫಳ ಹೊಳೆಯುತ್ತಿತ್ತು. ಅವನಿಗೆ ಆಗ ಅನುಮಾನ ಬಂತು.

"ಪ್ರೇಮಕ್ಕಾ, ಇವಕ್ಕೆ ಏನ್ ಮಾಡ್ದೆ?"

"ನೀನೇ ಸಂಕಟ ಪಟ್ಕಂಡ್ಯಲ್ಲ ಕಣಪ್ಪ. ಗಂಧ, ಕುಂಕುಮ ಇಟ್ಟೆ. ಮ್ಯಾನೇಜರ ಕಾರಿನ ಪಾಲೀಸು ಉಳ್ದಿತ್ತು, ತೂತುತೂತಿಗೂ ಬುಟ್ಟೆ. ಎಂಗೆ ಒಳೀತಾವೆ ನೋಡು."

ಆ ಪಾಲಿಶಿನಲ್ಲಿರುವ ಸಿಲಿಕೋನು ಈ ಮೂಗುಗಳಿಗೆ ವಿಷ. ಒಳಗಿಳಿದರೆ ಮುಗಿಯಿತು, ಹೊಸ ಸೆನ್ಸರೇ ಬರಬೇಕು. ಬೈಯಲು ಬಾಯಿ ತೆರೆದವನು ಪ್ರೇಮಮ್ಮನ ಅರಳಿದ ಮುಖ ನೋಡಿ ಪರೀಕ್ಷೆಯ ಪುಸ್ತಕ ತೆಗೆದ.

"ಎಲ್ಲಾ ಸರಿಯಾಗವೆ ಅಂತ ಬರ್ದ್‌ಬುಟ್ಟು ಓಗ್ಲಾ," ಎಂದ ಜವರಯ್ಯ. "ಮುದ್ದೆ ಆರೋಯ್ತದೆ."

ದೇವರಾಜುವಿನ ಕೈ ಪೆನ್ನಿನವರೆಗೂ ಹೋಯಿತು. ಆದರೆ ಪುಣ್ಯಾತ್ಮ ಅಂಥ ಸುಳ್ಳು ಬರೆಯುವವನಲ್ಲ. ನನಗೆ ಅವನು ಇಷ್ಟವಾಗುವುದು ಅದಕ್ಕೇ. ಹನ್ನೊಂದೂ ಸತ್ತಿವೆ ಎಂದು ಬರೆದು ಕುಮಾರ್ ಮುಂದಿಟ್ಟ.

ಕುಮಾರ್ ತಲೆಯ ಮೇಲೆ ಕೈಹೊತ್ತು ಕಾರ್ಖಾನೆ ನಿಲ್ಲಿಸಿದರು. ಹೊಸ ಸೆನ್ಸರು ಬೆಂಗಳೂರಿನಿಂದ ಬರಲು ಎರಡು ದಿನ. ಅಲ್ಲಿಯವರೆಗೆ ಎಲ್ಲರಿಗೂ ರಜ ಎಂದರು. ದೇವರಾಜು ಬೈಕಿನ ಕೀ ತೆಗೆದ.

"ನೀನೆಲ್ಲಿಗಯ್ಯ?" ಎಂದರು ಕುಮಾರ್. "ಟ್ಯಾಂಕಲ್ಲಿ ಗ್ಯಾಸು ಅಂಗೇ ಇದೆ. ಬೀರುವಿನಲ್ಲಿರೋ ಗ್ಯಾಸು ಮೂಸೋ ಕೈಮಿಷಿನ್ನು ಒಂದೇ ನೆಟ್ಟಗಿರೋದು. ಅದನ್ನ ಇಡ್ಕೊಂಡು ಗಂಟೆಗೊಂದು ಸುತ್ತು ಬರಬೇಕಲ್ಲ. ನಿನ್ನ ಬಿಟ್ರೆ ಅದು ಯಾರಿಗೆ ಗೊತ್ತು?"

"ನಮ್ ಮಾವ ಇನ್ನು ಒಸ್ಲು ತುಳಿಸಾಕಿಲ್ಲ ಸಾರ್."

"ನಾವೆಲ್ಲ ಓಗಿ ಸಮಾಧಾನ ಮಾಡ್ಬುಟ್ಟು ಬತ್ತೀವಿ ಬುಡ್ಲಾ," ಎಂದ ಜವರಯ್ಯ. ಮ್ಯಾನೇಜರೂ ಸೇರಿ ಹದಿನಾಲ್ಕು ಜನ ಕಂಪನಿ ವ್ಯಾನು ಹತ್ತಿದರು. ಗೇಟು ಹಾಕುವ ಕೆಲಸವೂ ದೇವರಾಜುವಿನ ಪಾಲಿಗೇ ಬಂತು.

ಆರನೇ ಸುತ್ತು ಹೊಡೆಯುವಾಗ ಯಶೋಧಳ ಫೋನು ಬಂತು. "ರೀ, ಅಪ್ಪಂಗೆ ಕ್ವಾಪ ಎಲ್ಲಾ ಇಳ್ದೋಯ್ತು. ಜವರಯ್ಯಣ್ಣ ಇಸ್ಯ ಏಳುದ್ರು."

ಅವನಿಗೆ ಹೋದ ಜೀವ ಬಂದಂತಾಯಿತು. "ಏನಂದ?"

"ನೀವು ಚೆಲುವನಾರಾಯಣಂಗೆ ಅರಕೆ ಒತ್ತು ಬಾಡು ಬುಟ್ಬುಟ್ರಂತೆ, ವಾಸ್ನೆ ಕೂಡ ತಾಕಬಾರ್ದು ಅಂತ ಬರ್ನಿಲ್ಲವಂತೆ. ಅಪ್ಪ ಕಣ್ಣಲ್ಲಿ ನೀರೇ ಆಕ್ಕಂಡ್ರು. ಇಂಥ ಅಳಿಯ ಯಾರಿಗ್ ಸಿಕ್ತಾನೆ, ಇನ್ಮೇಲೆ ಅವ್ರು ಬಂದಾಗ ಮನೇಲಿ ಬಾಡು ಬೇಯಿಸ್ಲೇಬಾರ್ದು ಅಂದ್‌ಬುಟ್ರು."

ದೇವರಾಜು ಗೋಡೆಗೆ ಒರಗಿದ. "ನನ್ ಪಾಲಿಂದು?"

"ಅದ್ನೂ ಜವರಯ್ಯಣ್ಣನೇ ಉಂಡ್ರು. ನಿಮ್ಗೆ ಮೊಸರನ್ನ ಕಟ್ಟಿ ಕಳ್ಸಿವ್ನಿ ಕಣ್ರೀ."