ಎತ್ತರ ಅಡಿಯಲ್ಲಿ, ರನ್‌ವೇ ಮೀಟರಿನಲ್ಲಿ

ನನಗೊಂದು ರೋಗವಿದೆ, ಅದಕ್ಕೆ ಔಷಧಿಯಿಲ್ಲವೆಂದು ಈಗ ಖಾತ್ರಿಯಾಗಿದೆ. ನಾಲ್ಕು ತರದ ಅಳತೆಗಳು ಒಂದೇ ಕಡೆ ಕಂಡರೆ ಎಲ್ಲವನ್ನೂ ಒಂದಕ್ಕೆ ತರದೆ ಕೈ ಸುಮ್ಮನಿರುವುದಿಲ್ಲ. ಧಾರವಾಡದ ಕಾನ್ವೆಂಟಿನಲ್ಲಿ ಗಣಿತದ ಸಿಸ್ಟರ್ ಹಚ್ಚಿದ್ದು. ಹಾಗೆ ಮಾಡದವರ ಬೆರಳಗೆಣ್ಣಿಗೆ ಸ್ಕೇಲಿನ ಏಟು. ಆ ಸ್ಕೇಲಿನ ಒಂದಂಚಿಗೆ ಇಂಚು, ಇನ್ನೊಂದಕ್ಕೆ ಸೆಂಟಿಮೀಟರ್. ಯಾವ ಅಂಚು ಬಿದ್ದರೂ ಉರಿ ಒಂದೇ.

ಮಗಳು ಪಲ್ಲವಿ ಪೈಲಟ್ ಆಗಲು ಹೊರಟವಳು. ಲಿಖಿತ ಪರೀಕ್ಷೆಯಲ್ಲಿ ಒಮ್ಮೆ ಫೇಲಾಗಿ ಎರಡನೆಯ ಸಲಕ್ಕೆ ಓದುತ್ತಿದ್ದಳು. ಪ್ರಶ್ನೆ ಕೇಳುವ ಕೆಲಸ ನನ್ನದು. ಪುಸ್ತಕ ತೆರೆದೆ. ವಿಮಾನದ ಎತ್ತರ ಅಡಿಯಲ್ಲಿ, ರನ್‌ವೇ ಉದ್ದ ಮೀಟರಿನಲ್ಲಿ, ದೂರ ನಾಟಿಕಲ್ ಮೈಲಿಯಲ್ಲಿ, ವೇಗ ನಾಟ್‌ಗಳಲ್ಲಿ. ಕೆಲವು ದೇಶಗಳ ಮೇಲೆ ಹಾರುವಾಗ ಎತ್ತರವೂ ಮೀಟರಂತೆ! ಇದು ಮೊದಲೇ ಗೊತ್ತಿದ್ದರೆ ಹೋದ ವರ್ಷ ಮುಂಬೈಗೆ ರೈಲಿನಲ್ಲೇ ಹೋಗುತ್ತಿದ್ದೆ.

ಎರಡು ಮಧ್ಯಾಹ್ನ ಕೂತು ಎಲ್ಲವನ್ನೂ ಮೀಟರಿಗೆ ತಂದು, ಕೆಂಪು ಶಾಯಿಯಲ್ಲಿ ಗೆರೆ ಎಳೆದು, ಚಾರ್ಟ್ ಬರೆದು ಫ್ರಿಜ್ಜಿಗೆ ಅಂಟಿಸಿದೆ. ಪಾಪ, ತಾಯಿಯನ್ನು ನಂಬಿ ಬಾಯಿಪಾಠ ಮಾಡಿದಳು. ಕ್ಲಾಸಿನ ಅಭ್ಯಾಸ ಪರೀಕ್ಷೆಯಲ್ಲಿ ಪ್ರತಿ ಪ್ರಶ್ನೆಗೂ ಅಡಿಯನ್ನು ಮೀಟರು ಮಾಡಿ, ಮೀಟರನ್ನು ಮತ್ತೆ ಅಡಿ ಮಾಡುವಷ್ಟರಲ್ಲಿ ಹೊತ್ತು ಮುಗಿಯಿತು. ಅರ್ಧ ಪೇಪರು ಖಾಲಿ. ನಿಜವಾದ ಪರೀಕ್ಷೆಗೆ ಒಂಬತ್ತೇ ದಿನ.

"ಮಮ್ಮಿ, ಅಡಿ ಅಂದ್ರ ಅಡೀನ. ಅದನ್ಯಾಕ ಮುಟ್ಟಾಕ ಹೋಗಿದ್ದಿ?" ಎಂದು ಅತ್ತಳು. ನಾನೂ ಅತ್ತೆ. ಇನ್ನೊಮ್ಮೆ ಫೇಲಾದರೆ ಅದು ನನ್ನ ಅಕ್ಷರದಲ್ಲೇ ಆದ ಫೇಲು.

ಬ್ಲೌಸ್ ಕೊಡಲು ಬಂದಿದ್ದ ಟೇಲರ್ ಸುಮಿತ್ರಾ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಳು. "ಅದರಾಗೇನೈತ್ರೀ ಅಕ್ಕಾರ? ಅರಿವಿ ಮೀಟರಿನಾಗ ತರತೇನಿ, ಮೈ ಅಳತಿ ಇಂಚಿನಾಗ ತಗೋತೇನಿ. ಎಲ್ಲಾ ಒಂದ ಮಾಡಕೋತ ಕುಂತಿದ್ರ, ನೀವು ಹೋದ ದೀಪಾವಳಿ ಬ್ಲೌಸಿಗೆ ಇನ್ನೂ ಕಾಯಬೇಕಾಗ್ತಿತ್ತು."

ಪಲ್ಲವಿ ಮೂಗೊರೆಸಿಕೊಂಡು ನಕ್ಕಳು. ಮರುದಿನದಿಂದ ಬೈರಿದೇವರಕೊಪ್ಪದ ಸುಮಿತ್ರಾಳ ಅಂಗಡಿಯಲ್ಲಿ, ಹೊಲಿಗೆ ಯಂತ್ರದ ಪಕ್ಕದಲ್ಲೇ ಓದು. ನಾನು ಚಹಾದ ಫ್ಲಾಸ್ಕ್ ಹಿಡಿದು ಹೋದರೆ ಒಳಗಿಂದ ಕೇಳುತ್ತಿತ್ತು:

"ಎತ್ತರಾ?"

"ಅಡಿ!"

"ವೇಗಾ?"

"ನಾಟ್!"

"ಲಗೂ ಲಗೂ ಹೇಳವ್ವಾ, ವಿಮಾನ ನಿಂದರಂಗಿಲ್ಲ!"

ಹೋದ ವಾರ ಪಾಸಾದಳು. ಮೊದಲ ಫೋನು ಸುಮಿತ್ರಾಗೆ ಹೋಯಿತು, ಎರಡನೆಯದು ನನಗೆ. "ಮಮ್ಮಿ, ಐವತ್ತಕ್ಕ ನಲವತ್ತೊಂದು!"

ಕಣ್ತುಂಬಿ ಬಂತು. ಛಲೋ ಆತು ಮಗಳ ಎನ್ನಬೇಕೆಂದೇ ಬಾಯಿ ತೆರೆದೆ.

"ಹಂಗಾದ್ರ ನೂರಕ್ಕ..." ಎಂದೆ. ಫೋನು ಕಟ್ಟಾಯಿತು.