ಆಯಿ ಆರಾಮ ಅಂದುಬಿಟ್ಟರು

ನಮ್ಮ ವಕೀಲಸಾಹೇಬರಿಗೆ ಒಂದು ರೂಢಿ. ಯಾರೇ ಹೊಸ್ತಿಲು ದಾಟಲಿ, ಕನ್ನಡಕವನ್ನು ಹಣೆಯ ಮೇಲಕ್ಕೆ ಏರಿಸಿ, "ಏನ್ರಿ, ಆರಾಮ?" ಅನ್ನುತ್ತಾರೆ. ಬಂದವರ ಕೈ ಮುರಿದು ಕೊರಳಿಗೆ ಜೋತಿರಲಿ, ತಲೆಗೆ ಪಟ್ಟಿ ಸುತ್ತಿರಲಿ, ಇಬ್ಬರು ಹೆಗಲು ಕೊಟ್ಟು ಎತ್ತಿ ತಂದಿರಲಿ, ಉತ್ತರ ಮಾತ್ರ ಒಂದೇ: "ಆರಾಮ್ರಿ. ನೀವು?" ಸಾಹೇಬರು "ನಾವೂ ಆರಾಮ" ಅಂದ ಮೇಲೆಯೇ ಅಳು ಶುರು.

ನಾನು ಕೆಲಸ ಮಾಡುವುದು ಬೈಲಹೊಂಗಲದಲ್ಲಿ, ಕೋರ್ಟಿನ ಆವರಣದ ಮೂಲೆಯ ಒಂದು ಕೋಣೆಯಲ್ಲಿ. ಆಸ್ಪತ್ರೆಯವರು ಆರೋಗ್ಯ ಕಾರ್ಡು ಒಪ್ಪಲಿಲ್ಲ, ಸರಕಾರದ ಆರೋಗ್ಯ ಯೋಜನೆಯಲ್ಲಿ ಆಪರೇಷನ್ ಮಂಜೂರಾಗಲಿಲ್ಲ, ವಿಮೆಯವರು ಏನೋ ನೆಪ ಹೇಳಿದರು ಎಂಬಂಥ ತಕರಾರುಗಳಿಗೆ ಇಲ್ಲಿ ಪುಕ್ಕಟೆ ಕಾನೂನು ಸಹಾಯ ಸಿಗುತ್ತದೆ. ಸಾಹೇಬರು ಹಿರಿಯ ವಕೀಲರು, ನಾನು ಅವರ ಕೈಕೆಳಗಿನ ಕಿರಿಯಳು. ಕಿತ್ತೂರಿನಿಂದ ದಿನಾ ಬಸ್ಸಿಗೆ ಬರುತ್ತೇನೆ. ಓದಿದ್ದು ಇಂಗ್ಲಿಷ್ ಸಾಲಿಯಲ್ಲಿ. ಅಲ್ಲಿ ಕಲಿಸಿದ ಮಾತು ಇಲ್ಲಿ ಯಾರಿಗೂ ಬೇಕಿಲ್ಲ, ಇಲ್ಲಿ ಆಡುವ ಮಾತು ನನ್ನ ಗಂಟಲಿನಿಂದ ಜೋರಾಗಿ ಹೊರಡುವುದಿಲ್ಲ. ಹಾಗಾಗಿ ನಾನು ಹೆಚ್ಚಾಗಿ ಸುಮ್ಮನೆ ಕೂತು ನೋಡುವವಳು. ನೋಡುವವರಿಗೆ ಈ ಕೋಣೆಯಲ್ಲಿ ಬೇಸರವೇ ಇಲ್ಲ. ಒಂದು ನಗು ಆರುವುದರೊಳಗೆ ಇನ್ನೊಂದು ತಾನಾಗಿಯೇ ನಡೆದು ಬಂದು ಬೆಂಚಿನ ಮೇಲೆ ಕೂಡುತ್ತದೆ. ಈ ಸಲದವೆಲ್ಲ ಬಂದದ್ದು ಸಂಗೊಳ್ಳಿಯ ಒಬ್ಬ ವಯಸ್ಸಾದ ಆಯಿಯ ಜೊತೆಗೆ.

ಬಾಗಿಲು

ಆಯಿ ಬರುವ ಹಿಂದಿನ ದಿನ ಯರಗಟ್ಟಿಯ ಬಡಗಿಯೊಬ್ಬರು ಬಂದಿದ್ದರು. ಅವರ ತಾಯಿಯ ಕಣ್ಣಿನ ಆಪರೇಷನ್ನಿಗೆ ಮಂಜೂರಾತಿ ಸಿಕ್ಕಿತ್ತು.

"ನಿಮ್ಮ ಫೀ ಎಷ್ಟ್ರಿ?" ಅಂದರು.

"ಏನೂ ಇಲ್ಲ. ಇದು ಉಚಿತ," ಅಂದೆ.

"ಹಂಗಂದ್ರ ಹೆಂಗ್ರಿ? ಊರಾಗ ಮಂದಿ ಕೇಳಿದ್ರ, ಪುಕ್ಕಟ ಮಾಡಿಸ್ಕೊಂಡ ಬಂದೆ ಅಂತ ಹೇಳ್ಲಿ? ನಮಗೂ ಒಂದ ಮರ್ಯಾದಿ ಐತಿ."

ಬದನೆಕಾಯಿ ತಂದಿದ್ದರು. ತೆಗೆದುಕೊಳ್ಳುವಂತಿಲ್ಲ ಅಂದೆವು. ಕರದಂಟಿನ ಪೊಟ್ಟಣ ತೆಗೆದರು. ಅದೂ ಆಗುವುದಿಲ್ಲ ಅಂದೆವು. ಅವರ ಮುಖ ಸಣ್ಣದಾಯಿತು. ಆಮೇಲೆ ನಮ್ಮ ಕೋಣೆಯ ಬಾಗಿಲಿನ ಕಡೆ ನೋಡಿದರು. ಅದು ಎಂದೂ ಪೂರ್ತಿ ಮುಚ್ಚಿಕೊಂಡದ್ದೇ ಇಲ್ಲ. ನಾವು ಬೇಡ ಅನ್ನುವುದರೊಳಗೆ ಚೀಲದಿಂದ ಉಳಿ ಸುತ್ತಿಗೆ ಹೊರಬಂದವು. ಸಂಜೆಯ ಹೊತ್ತಿಗೆ ಬಾಗಿಲು ಗಾಳಿಯೂ ಒಳಗೆ ನುಸುಳದಷ್ಟು ಗಟ್ಟಿಯಾಗಿ ಕೂತಿತ್ತು.

ಮರುದಿನ ಮುಂಜಾನೆ ನಾನೊಬ್ಬಳೇ ಬಂದೆ. ಧೂಳು ಬರುತ್ತದೆಂದು ಬಾಗಿಲು ಹಾಕಿಕೊಂಡೆ. ಮತ್ತೆ ತೆರೆಯಲು ಹೋದರೆ ಅದು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಕೂಗಿ ಯಾರನ್ನಾದರೂ ಕರೆಯಬೇಕಿತ್ತು. ನನಗೆ ಕೂಗಲು ಬರುವುದಿಲ್ಲ. ಕಿಟಕಿಯ ಸರಳು ಹಿಡಿದುಕೊಂಡು ನಿಂತೆ.

ಅಷ್ಟರಲ್ಲಿ ಸೊಸೆಯ ಹೆಗಲು ಹಿಡಿದುಕೊಂಡು, ಒಂದೊಂದೇ ಹೆಜ್ಜೆ ಎತ್ತಿಡುತ್ತ ಆಯಿ ಬಂದರು. ಕೋರ್ಟಿನ ಆವರಣ, ಸರಳಿನ ಹಿಂದೆ ಒಂದು ಹುಡುಗಿ. ಆಯಿಯ ಕಣ್ಣಲ್ಲಿ ನೀರೇ ಬಂತು.

"ಯವ್ವಾ, ನೋಡಿದ್ರ ಬಂಗಾರದಂಥ ಹುಡುಗಿ ಕಾಣ್ತಿ. ಏನ ಮಾಡಿದಿ ನನ್ನ ಮಗಳ?"

"ಇಲ್ಲ ಆಯಿ, ನಾನು ವಕೀಲೆ..."

"ವಕೀಲರನ್ನೂ ಬಿಡೂದಿಲ್ಲ ನೋಡ ಈಗ!" ಎಂದು ಸೊಸೆಗೆ ಹೇಳಿ, ಸರಳಿನೊಳಗಿಂದ ಕೈ ತೂರಿಸಿ ನನ್ನ ಗಲ್ಲ ಸವರಿದರು. "ಚಿಂತಿ ಮಾಡಬ್ಯಾಡ. ಇಲ್ಲೇ ಎಲ್ಲೋ ಪುಕ್ಕಟ ವಕೀಲರು ಇರತಾರಂತ. ನಾನೂ ಅವರ ಕಡೀನ ಹೊಂಟೇನಿ. ನಿಂದೂ ಒಂದ ಮಾತ ಕಿವಿಗಿ ಹಾಕಿ ಬರತೇನಿ."

ಫೋನು

ಸಾಹೇಬರು ಬಂದು ಹೊರಗಿನಿಂದ ಭುಜ ಕೊಟ್ಟು ಬಾಗಿಲು ನೂಕಿದ ಮೇಲೆ ಆಯಿ ಒಳಗೆ ಬಂದರು. ಕುರ್ಚಿಯ ಎರಡೂ ಕೈಗಳನ್ನು ತಟ್ಟಿ ತಟ್ಟಿ ನೋಡಿದರು. ಹಾಲು ಕರೆಯುವ ಮುಂಚೆ ಎಮ್ಮೆಯ ಬೆನ್ನು ತಟ್ಟುತ್ತಾರಲ್ಲ, ಹಾಗೆ. ಆಮೇಲೆ ನಿಧಾನಕ್ಕೆ ಇಳಿದು ಕೂತರು.

"ಏನ್ರಿ ಆಯಿ, ಆರಾಮ?"

"ಆರಾಮ್ರಿ. ನೀವು?"

ಆಯಿಯ ಟೊಂಕದ ಕೀಲು ಸವೆದುಹೋಗಿತ್ತು. ಬದಲಾಯಿಸದೆ ಗತಿಯಿಲ್ಲ ಎಂದು ಡಾಕ್ಟರು ಹೇಳಿದ್ದರು. ಯೋಜನೆಯಲ್ಲಿ ಅದಕ್ಕೆ ಅವಕಾಶವಿತ್ತು, ಅರ್ಜಿಯೂ ಹೋಗಿತ್ತು, ಆದರೆ ಅರ್ಜಿ ತಿರಸ್ಕಾರವಾಗಿತ್ತು. ಯಾಕೆಂದು ಆಯಿಗೂ ಗೊತ್ತಿಲ್ಲ, ಸೊಸೆಗೂ ಗೊತ್ತಿಲ್ಲ.

"ನನಗ ಮತ್ತೇನೂ ಬ್ಯಾಡ್ರಿ," ಅಂದರು ಆಯಿ. "ನನ್ನ ಕಾಲಮ್ಯಾಲೆ ನಾ ಹಿತ್ತಲಕ ಹೋಗಿ ಬರಬೇಕು. ಅಷ್ಟ. ಪ್ರತಿ ಸಲಕ್ಕೂ ಇಕೀನ್ನ ಕರೀಬೇಕಂದ್ರ ಜೀಂವ ಹಿಡಿಯಷ್ಟ ಆಗ್ತದ."

ರಾಮದುರ್ಗದ ಮಗಳು ಆ ಸೊಸೆ. ಬಾಯಿ ಚುರುಕು. "ಕರೀಲೇನು ಬ್ಯಾಡೇನು ಅಂತ ಅರ್ಧಾ ತಾಸು ವಿಚಾರ ಮಾಡ್ತಾರ್ರಿ. ಆಮ್ಯಾಲ ಓಣಿಗೆಲ್ಲಾ ಕೇಳೂಹಂಗ ಕರೀತಾರ," ಅಂದಳು.

ಸಾಹೇಬರು ಯೋಜನೆಯ ಕಚೇರಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದರು. ಆ ಕಡೆಯಿಂದ ಒಬ್ಬ ಅಧಿಕಾರಿ ಹೇಳಿದರು: "ನಾವು ಪರಿಶೀಲನೆಗಂತ ಪೇಶಂಟಿಗೆ ಫೋನ್ ಮಾಡಿದ್ವಿ ಸರ್. ಅವರೇ ಆರಾಮ ಅದೇನಿ ಅಂದ್ರು."

"ಎಕ್ಸರೇದಾಗ ಕೀಲ ಸವದೈತಲ್ರಿ?"

"ಎಕ್ಸರೇ ಏನರೇ ಹೇಳ್ಲಿ ಸರ್, ಪೇಶಂಟ ಸ್ವತಃ ಆರಾಮ ಅಂದ್ರ ನಾವೇನ್ ಮಾಡೂಣ?"

ಸಾಹೇಬರು ಆಯಿಯ ಕಡೆ ತಿರುಗಿದರು. ಆಯಿಗೆ ಸಿಟ್ಟೇ ಬಂತು. "ಮತ್ತೇನ ಅನಬೇಕಿತ್ತ್ರಿ? ಯಾರೋ ಏನೋ, ಪಾಪ, ಅಷ್ಟ ದೂರದಿಂದ ಫೋನ ಹಚ್ಚಿ 'ಹೆಂಗದೀರಿ ಅಮ್ಮಾ' ಅಂತಾರ. ಅವರ ಮುಂದ ನನ್ನ ಗೋಳ ಹೇಳ್ಕೋತ ಕೂಡಲಿ? 'ಆರಾಮ ಅದೇನಿ, ಊಟ ಆತೇನ್ರಿ?' ಅಂದೆ. ಅವರಿಗಿ ನೆಗಡಿ ಆಗಿತ್ತು. ಶುಂಠಿ, ಮೆಣಸು ಹಾಕಿ ಕಷಾಯ ಕುಡೀರಿ ಅಂದೆ."

ಫೋನಿನ ಆ ಕಡೆಯಿಂದ ಅಧಿಕಾರಿ ಮೆತ್ತಗೆ, "ಕಷಾಯ ಚಲೋ ಆಗಿತ್ರಿ," ಅಂದರು.

ತಾಲೀಮು

ಸಾಹೇಬರು ಮೇಲ್ಮನವಿ ಬರೆಸಿದರು. ಅದರಲ್ಲಿ ಒಂದು ಸಾಲು ನನಗೆ ಬಹಳ ಸೇರಿತು: 'ಈ ಭಾಗದಲ್ಲಿ ಆರಾಮ ಅನ್ನುವುದು ನಮಸ್ಕಾರವೇ ಹೊರತು ವೈದ್ಯಕೀಯ ವರದಿಯಲ್ಲ.' ಅದು ಕೆಲಸ ಮಾಡಿತು. ಸವದತ್ತಿಗೆ ಬರುವ ಯೋಜನೆಯ ಡಾಕ್ಟರ ಮುಂದೆ ಪೇಶಂಟನ್ನು ಹಾಜರು ಮಾಡಿ ಎಂದು ಉತ್ತರ ಬಂತು.

"ಇದ ಕಡೇ ಅವಕಾಶ," ಅಂದರು ಸಾಹೇಬರು. "ಅಲ್ಲೂ ಆರಾಮ ಅಂದ್ರ ಮುಗೀತು. ತಂಗಿ, ಆಯೀಗಿ ಸ್ವಲ್ಪ ತಾಲೀಮು ಮಾಡಸು."

ನಾನು ಅಧಿಕಾರಿಯಂತೆ ಬೆನ್ನು ಸೆಟೆಸಿ ಕೂತೆ. "ಹೇಗಿದ್ದೀರಿ ಅಮ್ಮಾ?"

"ಆರಾಮ್ರಿ."

"ಆಯೀ!"

"ತಪ್ಪಾತವಾ, ಬಾಯಿಗಿ ಬಂದಬಿಡ್ತು. ಮತ್ತ ಕೇಳು."

"ಹೇಗಿದ್ದೀರಿ ಅಮ್ಮಾ?"

"ಆರಾಮ... ಇಲ್ರಿ. ನೀವು ಆರಾಮ?"

ಸೊಸೆ ಬೆಂಚಿನ ಮೇಲೆ ಕೂತು ಶೇಂಗಾ ತಿನ್ನುತ್ತಿದ್ದಳು. "ಅತ್ತೀ, ಮನ್ಯಾಗ ನನ್ನ ಮುಂದ ದಿನಾ ಹೇಳ್ತೀರಲ್ಲ, ಅದನ್ನ ಹೇಳ್ರಿ. ಅದೊಂದ ಕೇಳಿದ್ರ ಸಾಕು, ಸರಕಾರ ಎರಡೂ ಕೀಲ ಬದಲ ಮಾಡ್ತದ."

"ನಿನ್ನ ಮುಂದ ಹೇಳೂದ ಬ್ಯಾರೆ, ಸರಕಾರದ ಮುಂದ ಹೇಳೂದ ಬ್ಯಾರೆ," ಅಂದರು ಆಯಿ. "ನೀ ಮನೀ ಮಂದಿ."

ಅವರನ್ನು ದೂರಲು ನನಗೆ ಬಾಯಿಯಿಲ್ಲ. ನಮ್ಮ ಸಾಲಿಯಲ್ಲಿ ಮಿಸ್ಸು 'ಹೌ ಆರ್ ಯೂ' ಎಂದರೆ ಇಡೀ ಕ್ಲಾಸು ಒಂದೇ ಉಸಿರಿಗೆ 'ಐ ಆಮ್ ಫೈನ್, ಥ್ಯಾಂಕ್ ಯೂ' ಅನ್ನುತ್ತಿತ್ತು. ಜ್ವರ ಬಂದವರೂ ಹಾಗೇ ಅನ್ನುತ್ತಿದ್ದೆವು. ಅದಕ್ಕೆ ಬೇರೆ ಉತ್ತರ ಇರಬಹುದು ಎಂದು ನಮಗೂ ಯಾರೂ ಕಲಿಸಿರಲಿಲ್ಲ.

ಕಡೆಗೆ ಆಯಿ ಅಂದರು: "ಮೊದಲ ನೀ ಹೇಳಿ ತೋರಸು. ನೋಡಿ ಕಲೀತೇನಿ."

ನಾನು ಮೆತ್ತಗೆ, "ತುಂಬಾ ನೋವು," ಅಂದೆ.

"ಇಷ್ಟೇನ? ಇದಕ್ಕಿಂತ ಆರಾಮ ಅನ್ನೂದ ಚಲೋ," ಅಂದರು ಆಯಿ.

ಸಾಹೇಬರು ಕನ್ನಡಕ ಏರಿಸಿ ನನ್ನನ್ನೇ ನೋಡುತ್ತಿದ್ದರು. ಸೊಸೆ ಶೇಂಗಾ ತಿನ್ನುವುದನ್ನು ನಿಲ್ಲಿಸಿದಳು. ನಾನು ಕಣ್ಣು ಮುಚ್ಚಿಕೊಂಡು, ಹುಟ್ಟಿದಾಗಿನಿಂದ ಒಳಗೆ ಉಳಿದಿದ್ದ ದನಿಯನ್ನೆಲ್ಲ ಒಟ್ಟು ಮಾಡಿ, "ಅಯ್ಯಯ್ಯೋ ಸತ್ತೆನ್ರೀ! ಏಳಾಕ ಬರವಲ್ದು, ಕೂಡಾಕ ಬರವಲ್ದು!" ಅಂದೆ.

ಕಣ್ಣು ತೆರೆದಾಗ ಪಕ್ಕದ ಕೋಣೆಯ ಟೈಪಿಸ್ಟು ತಂಬಿಗೆ ನೀರು ಹಿಡಿದು ಎದುರಿಗೆ ನಿಂತಿದ್ದರು. ಅವರ ಹಿಂದೆ ಇಬ್ಬರು ಪೊಲೀಸರು. ಬಾಗಿಲಿನಲ್ಲಿ ಯಾವುದೋ ಕೇಸಿನ ಎರಡೂ ಪಾರ್ಟಿಯವರು ಜಗಳ ಮರೆತು ಒಟ್ಟಿಗೆ ಇಣುಕುತ್ತಿದ್ದರು.

ಆಯಿ ಮಾತ್ರ ಬಹಳ ಖುಷಿಯಲ್ಲಿದ್ದರು. "ಹಿಂಗಂತ ಮೊದಲ ಹೇಳಬಾರದೇನ? ಕಲತೆ ತಗೋ."

ಸವದತ್ತಿ

ಡಾಕ್ಟರನ್ನು ಕಾಣುವ ದಿನ ಆಯಿಯನ್ನು ನೋಡಿ ನಾನು ಹಣೆ ಚಚ್ಚಿಕೊಂಡೆ. ಮದುವೆಗೆ ಹೊರಟವರಂತೆ ಇಳಕಲ್ ಸೀರೆ, ತಲೆಗೆ ಎಣ್ಣೆ, ಹಣೆತುಂಬ ವಿಭೂತಿ. ಟಂಟಂ ಆಟೋದ ಹಿಂದಿನ ಸೀಟು ಪೂರ್ತಿ ಹಿಡಿದುಕೊಂಡು, ಕಾಲು ಚಾಚಿ ಕೂತಿದ್ದರು.

"ಇದೇನು ಆಯಿ?"

"ದೊಡ್ಡ ಡಾಕ್ಟರ ಮುಂದ ಹೋಗೂದೈತಿ. ರೋಗಿಷ್ಟರಂಗ ಹೋಗಲೇನು?"

ಸಾಹೇಬರು, ಸೊಸೆ, ನಾನು ಉಳಿದ ಜಾಗದಲ್ಲಿ ತುರುಕಿಕೊಂಡೆವು. ದಾರಿಯುದ್ದಕ್ಕೂ ಆಯಿ ಪಾಠ ಒಪ್ಪಿಸಿದರು. ಏಳಾಕ ಬರವಲ್ದು, ಕೂಡಾಕ ಬರವಲ್ದು. ಅರ್ಧ ದಾರಿ ಕಳೆಯುವ ಹೊತ್ತಿಗೆ ಟಂಟಂ ಡ್ರೈವರನಿಗೂ ಬಾಯಿಪಾಠವಾಗಿತ್ತು.

ಡಾಕ್ಟರು ಒಳ್ಳೆಯ ಮನುಷ್ಯ. ಅದೇ ತೊಂದರೆಯಾಯಿತು. ಕುರ್ಚಿ ತೋರಿಸಿದರು, ಆಯಿ ಅದನ್ನು ತಟ್ಟಿ ತಟ್ಟಿ ಕೂತರು. ಡಾಕ್ಟರು ನಕ್ಕು, "ಏನಾಯಿ, ಹೆಂಗದೀರಿ?" ಅಂದರು.

ಅಷ್ಟು ನಗುಮೊಗದ ಮನುಷ್ಯನ ಮುಂದೆ ಗೋಳಾಡಲು ಆಯಿಗೆ ಮನಸ್ಸಾಗಲಿಲ್ಲ. ನನ್ನ ಕಡೆ ತಿರುಗಿ, ಕೋಣೆಗೆಲ್ಲ ಕೇಳುವಂತೆ ಕೇಳಿದರು: "ನೀ ಕಲಿಸಿಕೊಟ್ಟಿದ್ದನ್ನ ಈಗ ಹೇಳ್ಲೇನವಾ?"

ಡಾಕ್ಟರ ನಗು ನಿಂತಿತು. ಪೆನ್ನೂ ನಿಂತಿತು. ಎಲ್ಲರೂ ನನ್ನನ್ನೇ ನೋಡಿದರು. ಸಾಹೇಬರು ಕನ್ನಡಕ ಒರೆಸತೊಡಗಿದರು.

ಒಂದು ಸಂಗತಿಯನ್ನು ಮಾತ್ರ ನಾನು ಮೊದಲ ದಿನದಿಂದ ನೋಡಿದ್ದೆ. ಆಯಿ ಕುರ್ಚಿ ತಟ್ಟುವುದು ಅದರ ಕೈಗಳು ಗಟ್ಟಿ ಇವೆಯೇ ಎಂದು ನೋಡಲು. ಕೂಡುವ ಮೊದಲೇ ಅವರಿಗೆ ಏಳುವ ಚಿಂತೆ. "ಸರ್," ಅಂದೆ. "ಹೇಗಿದ್ದೀರಿ ಅಂತ ಕೇಳಬೇಡಿ. ಏಳ್ರಿ ಅನ್ನಿ."

ಡಾಕ್ಟರು ಆಯಿಯ ಕಡೆ ತಿರುಗಿದರು. "ಆಯಿ, ಸ್ವಲ್ಪ ಏಳ್ರಿ ನೋಡೂಣು."

ದೊಡ್ಡವರು ಹೇಳಿದ ಮೇಲೆ ಕೂತೇ ಇರುವುದು ಹೇಗೆ? ಆಯಿ ಎರಡೂ ಕೈ ಊರಿದರು. ಸ್ವಲ್ಪ ಎದ್ದರು, ಮತ್ತೆ ಕೂತರು. ಹಣೆಯ ವಿಭೂತಿ ಬೆವರಿಗೆ ಕರಗಿತು. ಸೊಸೆ ಕೈ ಕೊಡಲು ಹೋದಳು, ಡಾಕ್ಟರು ಬೇಡವೆಂದು ಸನ್ನೆ ಮಾಡಿದರು. ಆಯಿ ಮತ್ತೊಮ್ಮೆ ಎದ್ದು, ಅರ್ಧಕ್ಕೇ ಸಿಕ್ಕಿಕೊಂಡು, ಮುಖದ ತುಂಬ ನಗು ತಂದುಕೊಂಡು ಹೇಳಿದರು:

"ಒಂದ ಚೂರ ತಡೀರಿ ಸಾಹೇಬ್ರ. ಆರಾಮ ಅದೇನಿ. ಏಳಾಕ ಆಗವಲ್ದು, ಅಷ್ಟ."

ಡಾಕ್ಟರು ತಾವೇ ಎದ್ದು ಬಂದು ಅವರನ್ನು ಹಿಡಿದು ಕೂಡಿಸಿದರು. ಮಂಜೂರು ಎಂದು ಬರೆದ ಮೇಲೆ ಕೇಳಿದರು: "ಅದೇನೋ ಕಲಿಸಿಕೊಟ್ಟಾರಂದ್ರಲ್ಲ ಆಯಿ, ಏನದು?"

ಆಯಿ ಹೇಳಿದರು. ಕೂಗಿದ ರಭಸಕ್ಕೆ ಹೊರಗೆ ಪಾಳಿ ಹಚ್ಚಿ ನಿಂತಿದ್ದವರಲ್ಲಿ ಅರ್ಧ ಮಂದಿ, ಒಳಗೆ ಏನೋ ಚುಚ್ಚುತ್ತಿದ್ದಾರೆಂದು ಹೆದರಿ ಮನೆಗೆ ಹೋದರು.

ಮತ್ತೆ ಫೋನು

ಆಪರೇಷನ್ ಚೆನ್ನಾಗಿಯೇ ಆಯಿತು. ಮೊದಲ ಸಲ ಒಬ್ಬರೇ ಹಿತ್ತಲಿಗೆ ಹೋಗಿ ಬಂದ ದಿನ ಆಯಿ ಸೊಸೆಯ ಫೋನಿನಿಂದ ನನಗೆ ಆ ಸುದ್ದಿ ಮುಟ್ಟಿಸಿದರು. ಅಷ್ಟು ಖುಷಿಯಿಂದ ಯಾರೂ ನನಗೆ ಹಿತ್ತಲಿನ ಸುದ್ದಿ ಹೇಳಿದ್ದಿಲ್ಲ.

ಅದಾದ ಮೇಲೆ ಒಂದು ಮಧ್ಯಾಹ್ನ ಯೋಜನೆಯ ಕಚೇರಿಯ ಅದೇ ಅಧಿಕಾರಿ, ಕಷಾಯ ಕುಡಿದವರು, ಗಾಬರಿಯಲ್ಲಿ ಸಾಹೇಬರಿಗೆ ಫೋನು ಮಾಡಿದರು. "ಸರ್, ನಿಮ್ಮ ಆಯೀದು ಏನೋ ಹೆಚ್ಚುಕಡಿಮಿ ಆಗೇತ್ರಿ! ಆಪರೇಷನ್ ಆದವರಿಗೆಲ್ಲಾ ಹೆಂಗದೀರಿ ಅಂತ ಕೇಳೂದು ನಮ್ಮ ರೂಢಿ. ಕೇಳಿದ್ವಿ. ಸತ್ತೆನ್ರೀ, ಏಳಾಕ ಬರವಲ್ದು, ಕೂಡಾಕ ಬರವಲ್ದು ಅಂತ ಒದರಿ ಫೋನ ಇಟ್ಟಬಿಟ್ರು. ಆಸ್ಪತ್ರೆಗೆ ನೋಟಿಸ್ ಟೈಪ್ ಆಗಾಕ ಹತ್ತೇತಿ. ಆಂಬುಲೆನ್ಸ್ ಹೊಂಟೇತಿ!"

ನಾವೂ ಓಡಿದೆವು. ಸಂಗೊಳ್ಳಿಗೆ ಹೋಗಿ ನೋಡಿದರೆ ಮನೆಯ ಮುಂದೆ ಆಂಬುಲೆನ್ಸು ನಿಂತಿದೆ. ಒಳಗೆ ಆಯಿ ಇಲ್ಲ. ಸ್ಟ್ರೆಚರ್ ಹಿಡಿದವರಿಗೆ ಸೊಸೆ ಚಹಾ ಕೊಡುತ್ತಿದ್ದಾಳೆ. "ಅತ್ತಿ ಮನ್ಯಾಗ ಎಲ್ಲಿ ನಿಂದರ್ತಾರ್ರಿ? ಕಾಲ ಬಂದಾಗಿಂದ ಕೈಗಿ ಸಿಗವಲ್ರು," ಅಂದಳು. ಅಷ್ಟರಲ್ಲಿ ಆಚೆ ಓಣಿಯಿಂದ ವಾಕರ್ ಊರಿಕೊಂಡು, ಟಕ್ ಟಕ್ ಅನ್ನುತ್ತ ಆಯಿಯೇ ಬಂದರು. ಆಂಬುಲೆನ್ಸು ನೋಡಿ, "ಯಾರಿಗೇನಾತ್ರಿ, ಪಾಪ?" ಅಂದರು.

ಸಾಹೇಬರು ಕನ್ನಡಕ ಏರಿಸುವುದನ್ನೂ ಮರೆತರು. "ಆಯಿ, ಫೋನಿನ್ಯಾಗ ಹಂಗ್ಯಾಕ ಅಂದ್ರಿ?"

"ನೀವ ಕಲಿಸಿದ್ದಲ್ರಿ? ಹೆಂಗದೀರಿ ಅಂತ ಕೇಳಿದ್ರ ಆರಾಮ ಅನಬ್ಯಾಡ, ಹಿಂಗನ್ನು ಅಂದ್ರಿ. ಅಂದೆ. ಆರಾಮ ಅಂದು ಹಾಕಿದ ಕೀಲನ್ನೂ ಹೊಳ್ಳಿ ಒಯ್ದ್ರ ಏನ್ ಮಾಡ್ಲಿ?"

ಆಗ ಸೊಸೆಯ ಕೈಯಲ್ಲಿದ್ದ ಫೋನು ಬಡಿದುಕೊಂಡಿತು. ಅದೇ ಕಚೇರಿ. ಸೊಸೆ ಅದನ್ನು ಆಯಿಯ ಕೈಗಿತ್ತಳು. ಆಯಿ ಎತ್ತಲಿಲ್ಲ. ಬೆಂಕಿಯ ಕೆಂಡದಂತೆ ಅದನ್ನು ಅಂಗೈಯಲ್ಲಿ ಹಿಡಿದುಕೊಂಡು ನನ್ನ ಕಡೆ ತಿರುಗಿದರು.

"ಆರಾಮ ಇಲ್ಲದಾಗ ಆರಾಮ ಅಂದೆ, ನಂಬಿದ್ರು. ಈಗ ಖರೇನ ಆರಾಮ ಅದೇನಿ. ಅದನ್ನ ಹೆಂಗ ಹೇಳೂದು? ಲಗೂನ ಅದನ್ನೊಂದ ಕಲಿಸಿಕೊಡ ನನ್ನ ಮಗಳ."

ನಾನು ಸಾಹೇಬರ ಮುಖ ನೋಡಿದೆ. ಸಾಹೇಬರು ಆಂಬುಲೆನ್ಸಿನ ಮುಖ ನೋಡಿದರು. ಫೋನು ಬಡಿದುಕೊಳ್ಳುತ್ತಲೇ ಇತ್ತು.